ಅತ್ತೆ ಹೊಡೆದ ಕೊನೆಯ ಪ್ಯಾದೆ

...ಎಡಗೈಯೇ ಇದ್ದಿರಬೇಕು. ಯಾಕೆಂದರೆ ಬಲಗೈಯ ಹೆಬ್ಬೆರಳು ತೋರುಬೆರಳ ನಡುವೆ ಯಾವಾಗಲೂ ನಶ್ಯದ ಚಿಟಿಕೆ ಇರುತ್ತಿತ್ತು. ಆದರೆ ನನಗೆ ಕಾಣುವುದು ಬಲಗೈಯೇ: ಮೇಲೆ ನಶ್ಯ ಹಿಡಿದ ಬೆರಳು, ಕೆಳಗೆ ಉಂಗುರಬೆರಳು ಕಿರುಬೆರಳ ಸಂದಿಯಲ್ಲಿ ಸಿಕ್ಕಿಕೊಂಡ ಚದುರಂಗದ ಮರದ ಕುದುರೆ. ಅದು ತೂಗುತ್ತ ಹೋಗಿ ಸದ್ದಿಲ್ಲದೆ ತನ್ನ ಮನೆಗೆ ಇಳಿಯುತ್ತದೆ. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ತೀರ್ಮಾನಿಸದೆ ಮುಂದೆ ಹೋಗುತ್ತೇನೆ.

ಆ ಕೈ ನನ್ನ ಅತ್ತೆಯದು, ಗಂಡನ ತಾಯಿಯದು. ನಾನು ಬೆಟಗೇರಿಯಿಂದ ಶಿರಹಟ್ಟಿಗೆ ಸೊಸೆಯಾಗಿ ಹೋದಾಗ ಆ ಊರು ಇನ್ನೂ ಸಾಂಗ್ಲಿ ಸಂಸ್ಥಾನದ್ದು. ಅತ್ತೆಯ ತವರು ಲಕ್ಷ್ಮೇಶ್ವರ. ಜೊತೆಗಾರ ಸಿಗದ ದಿನ ಅವರ ತಂದೆ ಮಗಳನ್ನೇ ಎದುರಿಗೆ ಕೂರಿಸಿಕೊಂಡು ಚದುರಂಗ ಕಲಿಸಿದ್ದರಂತೆ. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಅತ್ತೆ ಪಡಸಾಲೆಯಲ್ಲಿ ಬಟ್ಟೆಯ ಹಾಸು ಬಿಡಿಸುತ್ತಿದ್ದರು. ಕೌದಿಯ ಹಾಗೆ ಕರಿ ಬಿಳಿ ತುಂಡು ಸೇರಿಸಿ ಅವರೇ ಹೊಲಿದದ್ದು. ಕಾಯಿಗಳಲ್ಲಿ ಒಂದು ಒಂಟೆ ಕಳೆದುಹೋಗಿತ್ತು. ಅದರ ಜಾಗದಲ್ಲಿ ಅರಿಷಿಣದ ಕೊಂಬು ನಿಲ್ಲುತ್ತಿತ್ತು.

"ಕುಂಡ್ರ ಬಾ," ಎಂದರು ಒಂದು ದಿನ. "ರೊಟ್ಟಿ ಬಡಿಯಾಕ ಬರ್ತೈತಿ ನಿನಗ, ಖರೆ. ಸುಮ್ಮ ಕುಂಡ್ರಾಕ ಬರ್ತೈತೇನು?"

ಬರುತ್ತಿರಲಿಲ್ಲ. ತಪ್ಪು ನಡೆ ನಡೆಸಿದಾಗಲೆಲ್ಲ ನನ್ನನ್ನು ಎಬ್ಬಿಸಿ ತಮ್ಮ ಪಕ್ಕಕ್ಕೆ ಕರೆಯುತ್ತಿದ್ದರು: "ಇಲ್ಲಿ ಕುಂತ ನೋಡು. ನಿನ್ನ ರಾಜಾ ನನಗ ಹೆಂಗ ಕಾಣತಾನ?" ಚದುರಂಗ ಬುದ್ಧಿ ಬೆಳೆಸುತ್ತದೆ ಎಂದು ಜನ ಹೇಳುತ್ತಾರೆ. ನನ್ನದು ಬೆಳೆಯಿತೋ ಇಲ್ಲವೋ, ಎದುರಿನವರ ಜಾಗದಲ್ಲಿ ಕುಳಿತು ನೋಡುವ ಚಟ ಮಾತ್ರ ಹತ್ತಿತು. ಅದು ಇವತ್ತಿಗೂ ಬಿಟ್ಟಿಲ್ಲ.

ನನ್ನ ಗಂಡ ಗದಗಿನಲ್ಲಿ ಹೈಸ್ಕೂಲು ಓದಿದವರು. ಅಲ್ಲಿ ವಿಲಾಯ್ತಿ ಪದ್ಧತಿ ಕಲಿತಿದ್ದರು. ಅದರಲ್ಲಿ ಪ್ಯಾದೆ ಮೊದಲ ನಡೆಗೆ ಎರಡು ಮನೆ ಹಾರಬಹುದು. ಅತ್ತೆಯದು ದೇಶಿ ಆಟ. "ಯಾಕಪಾ, ನಿನ್ನ ಪ್ಯಾದಿಗೆ ರೇಲ್ವೆ ಟಿಕೀಟ ತಗಸೀಯೇನು? ನನ್ನ ಮನ್ಯಾಗ ನಡಕೊಂತ ಹೋಗಬೇಕು," ಎನ್ನುತ್ತಿದ್ದರು. ದೇಶಿ ಆಟದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಸೋಲುವವನ ರಾಜನ ಬಳಿ ಒಂದಾದರೂ ಕಾಯಿ ಇರುವಾಗಲೇ ಆ ರಾಜನನ್ನು ಕಟ್ಟಿಹಾಕಬೇಕು, ಆಗಲೇ ಗೆಲುವು. ಕೊನೆಯ ಕಾಯನ್ನೂ ಹೊಡೆದರೆ ಆಟ ಬುರ್ಜಿ: ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. "ಸೋಲಾವನ ಕಡೀ ಪ್ಯಾದಿ ನಮ್ಮ ಕೂಸಿದ್ದಂಗ," ಎಂದು ಅತ್ತೆ ಕಲಿಸಿದ್ದರು. "ಅವಗಿಂತ ನಾವ ಹೆಚ್ಚ ಜ್ವಾಕಿ ಮಾಡಬೇಕು."

ಸ್ವಾತಂತ್ರ್ಯ ಬಂದಿತ್ತು, ಆದರೆ ಮುಂಡರಗಿಯಾಚೆ ಹೈದರಾಬಾದ ಸಂಸ್ಥಾನಕ್ಕೆ ಬಂದಿರಲಿಲ್ಲ. ಸಂಸ್ಥಾನದ ಕಡೆಯವರು ಗಡಿಯ ಹಳ್ಳಿಗಳನ್ನು ಸುಟ್ಟ ಖಬರು ದಿನವೂ ಬರುತ್ತಿತ್ತು. ಗಡಿ ಕಾಯುವ ಹುಡುಗರ ಶಿಬಿರಕ್ಕೆ ಹೊರಡುತ್ತೇನೆಂದು ನನ್ನ ಗಂಡ ಹಟ ಹಿಡಿದರು. ಹೊರಡುವ ದಿನ ಅವರ ಗೆಳೆಯ ಚಕ್ಕಡಿ ಹೂಡಿಕೊಂಡು ಬಾಗಿಲಿಗೆ ಬಂದು ನಿಂತ. ಅತ್ತೆ ಅಳಲಿಲ್ಲ. ಹಾಸು ಬಿಡಿಸಿದರು.

"ಒಂದ ಆಟ. ನಾ ಗೆದ್ರ ನೀ ಮನ್ಯಾಗ. ನೀ ಗೆದ್ರ ನನ್ನ ಕೈಲೆ ಬುತ್ತಿ ಕಟ್ಟಿ ಕಳಸ್ತೀನಿ."

ಗಂಡ ಕುಳಿತರು. ತಾಯಿಯನ್ನು ಅವರು ಒಮ್ಮೆಯೂ ಗೆದ್ದಿರಲಿಲ್ಲ. ಕದದ ಮರೆಯಲ್ಲಿ ನಿಂತ ನನಗೆ ಎದೆ ಹಗುರಾಯಿತು. ಆದರೆ ಆ ದಿನ ಅವರು ಹಿಂದೆಂದೂ ಆಡದಂತೆ ಆಡಿದರು. ಅತ್ತೆಯ ವಜೀರ ಹೋಯಿತು, ಆಮೇಲೆ ಇವರದೂ ಹೋಯಿತು.

"ಏ ದೋಸ್ತ, ಮುಗೀತೇನ್ಲೇ? ಎತ್ತು ನಿಂದರವಲ್ಲವು!" ಹೊರಗಿನಿಂದ ಕೂಗು.

"ಕಟ್ಟಿ ಮ್ಯಾಲ ಕುಂಡ್ರಪಾ," ಎಂದರು ಅತ್ತೆ, ತಲೆ ಎತ್ತದೆ. "ರಾಜಾ ಇನ್ನೂ ಅದಾನ."

ಕಡೆಗೆ ಗಂಡನಿಗೆ ಉಳಿದದ್ದು ಮೂಲೆಗೆ ಬಿದ್ದ ರಾಜ, ದೂರದಲ್ಲಿ ಒಂದು ಪ್ಯಾದೆ. ಅತ್ತೆಯ ಆನೆ ಪಕ್ಕದ ಸಾಲಿಗೆ ಸರಿದರೆ ಸಾಕು, ಆಟ ಮುಗಿಯಿತು. ನನಗೇ ಕಂಡಿತು. ಗಂಡನಿಗೂ ಕಂಡಿರಬೇಕು, ಒಮ್ಮೆ ಬಾಗಿಲ ಕಡೆ ನೋಡಿದರು. ಅತ್ತೆ ಬಹಳ ಹೊತ್ತು ನೋಡಿದರು. ನಶ್ಯ ಏರಿಸಿದರು. ಕುದುರೆ ಎತ್ತಿ ಆ ಪ್ಯಾದೆಯನ್ನು ಹೊಡೆದರು.



"ಅವ್ವಾ, ಬುರ್ಜಿ ಆತು."

"ಹೂಂ. ಆತು."

"ಹಂಗಾರ ಏನ ಮಾಡೂದು?"

ಅತ್ತೆ ನನ್ನ ಕಡೆ ಕೈ ತೋರಿಸಿದರು. "ನಾನೂ ಗೆಲ್ಲಲಿಲ್ಲ, ನೀನೂ ಗೆಲ್ಲಲಿಲ್ಲ. ಇನ್ನ ಅಕಿನ್ನ ಕೇಳು. ಬುತ್ತಿ ಕಟ್ಟತಾಳೋ ಇಲ್ಲೋ, ಅಕೀ ಮಾತು."

ಅಲ್ಲಿಯವರೆಗೆ ಆ ಮನೆಯಲ್ಲಾಗಲಿ ತವರಿನಲ್ಲಾಗಲಿ ಯಾರೂ ಯಾವುದಕ್ಕೂ ನನ್ನ ಮಾತು ಕೇಳಿರಲಿಲ್ಲ. ಮದುವೆಗೂ ಕೇಳಿರಲಿಲ್ಲ. ಗಂಡ ಮೊದಲ ಬಾರಿ ನನ್ನ ಮುಖವನ್ನು ನೇರವಾಗಿ ನೋಡಿದರು. ಬೇಡ ಎನ್ನಲು ಬಾಯಿ ತೆರೆದೆ. ಆಮೇಲೆ ಅವರ ಜಾಗದಲ್ಲಿ ಕುಳಿತು ನೋಡಿದೆ. ತಡೆದರೆ ಜೀವನವಿಡೀ ಆ ಚಕ್ಕಡಿಯ ಸದ್ದು ಕೇಳುತ್ತ ಮನೆಯಲ್ಲಿ ಓಡಾಡುವ ಮನುಷ್ಯ ಕಂಡ. ಒಳಗೆ ಹೋಗಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದೆ. ರೊಟ್ಟಿ ಹೆಚ್ಚಾಗಿ ಬಟ್ಟೆಯ ಗಂಟು ಬೀಳಲಿಲ್ಲ. ಅತ್ತೆ ಬಂದು ಒಂದು ತುದಿ ಹಿಡಿದರು.

ಗಂಡ ಬದುಕಿ ಬಂದರು, ಹೈದರಾಬಾದ ಸಂಸ್ಥಾನ ದೇಶಕ್ಕೆ ಸೇರಿದ ಮೇಲೆ, ಒಂದು ಕಿವಿ ಕೇಳದಾಗಿ. ಅವರು ಬರುವತನಕ ದಿನವೂ ಮಧ್ಯಾಹ್ನ ನಾವಿಬ್ಬರೂ ಆಡಿದೆವು. ಅಂಚೆಯವನ ಹೆಜ್ಜೆ ಕೇಳಿದಾಗ ಇಬ್ಬರ ಕೈಯೂ ಹಾಸಿನ ಮೇಲೆಯೇ ನಿಲ್ಲುತ್ತಿತ್ತು. ಹೆಜ್ಜೆ ಮುಂದೆ ಹೋದ ಮೇಲೆ, "ನಿನ್ನ ನಡಿ," ಎನ್ನುತ್ತಿದ್ದರು ಅತ್ತೆ.

ಒಮ್ಮೆ ಕೇಳಿದೆ: "ಅತ್ತಿ, ಅವತ್ತ ಆನಿ ಯಾಕ ಸರಸಲಿಲ್ಲರಿ?"

"ಯಾವ ಆನಿ?" ಎಂದರು.

ಕನ್ನಡ ನಾಡು ಒಂದಾದ ವರ್ಷ ಅತ್ತೆ ತೀರಿಕೊಂಡರು. ಆ ಆಟದ ಹೊತ್ತಿಗೇ ಅವ್ವನ ಕಣ್ಣಿಗೆ ಪೊರೆ ಬಂದಿತ್ತು, ಆನೆ ಕಾಣಲಿಲ್ಲ ಎನ್ನುತ್ತಾರೆ ಗಂಡ. ಇರಬಹುದು. ಆದರೆ ಅದೇ ತಿಂಗಳು ಅವರು ದೀಪವಿಲ್ಲದೆ ಸೂಜಿಗೆ ದಾರ ಏರಿಸಿದ್ದನ್ನು ಕಂಡ ನೆನಪು ನನಗಿದೆ. ಆ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಆ ಆಟವನ್ನು ಹಲವು ಸಲ ಮತ್ತೆ ಹೂಡಿ ನೋಡಿದ್ದೇನೆ. ಪ್ರತಿ ಸಲ ಆನೆ ಬೇರೊಂದು ಮನೆಯಲ್ಲಿ ನಿಲ್ಲುತ್ತದೆ. ನನ್ನ ಮಾತು ಕೇಳಿದ ಮೊದಲ ವ್ಯಕ್ತಿ ಅವರು. ಬೇಕೆಂದೇ ಕೇಳಿದರೋ, ಕಣ್ಣು ತಪ್ಪಿ ಕೇಳಬೇಕಾಯಿತೋ, ನನಗೆ ಗೊತ್ತಿಲ್ಲ.