ಅಣ್ಣನ ಜೊತೆ ಮುಗಿಯದ ವಾದ

ಇವತ್ತು ಸಂಭಾಜಿನಗರದ ರದ್ದಿ ಅಂಗಡಿಯೊಂದರಲ್ಲಿ ಹಳೆಯ ವಿಡಿಯೋ ಗೇಮಿನ ರಿಮೋಟ್ ಕಂಡಿತು. ಗುಂಡಿಗಳ ಮೇಲಿನ ಅಕ್ಷರಗಳು ಅಳಿಸಿಹೋಗಿದ್ದವು. ಕೈಗೆತ್ತಿಕೊಂಡೆ, ಹಿಂದೆ ನಾವಿದ್ದ ನಾಸಿಕ್‌ನ ಬ್ಯಾಂಕ್ ಕ್ವಾರ್ಟರ್ಸ್ ನೆನಪಾಯಿತು.

ಧಾರವಾಡದಿಂದ ಅಪ್ಪನಿಗೆ ಅಲ್ಲಿಗೆ ವರ್ಗವಾಗಿತ್ತು. ನಮ್ಮ ಮನೆಯಲ್ಲಿ ಒಂದೇ ಕಂಪನಿ ಮಾಡಿದ ಎರಡು ಆಟಗಳಿದ್ದವು. ಒಂದರಲ್ಲಿ ಓಡುತ್ತ ಹಳ್ಳಗಳನ್ನು ಜಿಗಿಯಬೇಕು, ಇನ್ನೊಂದರಲ್ಲಿ ನಿಧಾನವಾಗಿ ಯೋಚಿಸಿ ಕೋಟೆಯ ಬಾಗಿಲುಗಳನ್ನು ತೆರೆಯಬೇಕು. ಆ ಕಂಪನಿಯ ಅತ್ಯುತ್ತಮ ಆಟ ಯಾವುದೆಂದು ನನಗೂ ಅಣ್ಣನಿಗೂ ದಿನಾ ಜಗಳ. ನನಗೆ ಜಿಗಿಯುವ ಆಟ, ಅವನಿಗೆ ಕೋಟೆ. ಅಪ್ಪ ಪೇಪರಿನಿಂದ ತಲೆ ಎತ್ತದೆ "ಸಾಕ್ ಮಾಡ್ರಿ" ಎನ್ನುತ್ತಿದ್ದರು.

ಒಂದು ಸಂಜೆ ಅಣ್ಣ ಒಬ್ಬನೇ ಜಿಗಿಯುವ ಆಟ ಆಡುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಚಿಕ್ಕಂದಿನ ಜ್ವರದಲ್ಲಿ ಅವನ ಬಲಗೈ ಸೋತಿತ್ತು. ಬೆರಳು ಗುಂಡಿ ಒತ್ತುವಷ್ಟರಲ್ಲಿ ಪರದೆಯ ಮೇಲಿನ ಮನುಷ್ಯ ಹಳ್ಳಕ್ಕೆ ಬಿದ್ದಿರುತ್ತಿದ್ದ. ಮತ್ತೆ ಮತ್ತೆ ಮೊದಲ ಹಳ್ಳಕ್ಕೇ.

ಮರುದಿನ ವಾದ ಶುರುವಾದಾಗ ನಾನು, "ನಿಂದ ಖರೆ ಅಣ್ಣಾ. ಕೋಟೇನ ಚಲೋ" ಅಂದೆ.

ಅವನು ನನ್ನ ಕಡೆ ತಿರುಗಿದ. "ನಿನ್ನೆ ನೋಡಿದಿ ಏನ?"

"ಹೂಂ" ಅಂದೆ.

"ನನಗ ಕೋಟೆ ಖರೇನ ಸೇರ್ತದ. ಕೈ ನೆಟ್ಟಗಿದ್ರೂ ಇದನ್ನ ಹೇಳ್ತಿದ್ದೆ. ನೀ ಹಿಂಗ ಬಿಟ್ಟುಕೊಟ್ರ ನಾ ಯಾರ ಕೂಡ ವಾದ ಮಾಡ್ಲಿ?" ಅಂದ.

ನಾನು ಜಿಗಿಯುವ ಆಟದ ಪರವಾಗಿ ಮೊದಲಿನಿಂದ ವಾದ ಶುರು ಮಾಡಿದೆ.

ಅಣ್ಣ ಈಗಲೂ ನಾಸಿಕ್‌ನಲ್ಲಿದ್ದಾನೆ. ಎಷ್ಟೋ ವಿಷಯಗಳಲ್ಲಿ ಅವನು ಹೇಳುವುದೇ ಸರಿ, ಆಗ ಒಪ್ಪುತ್ತೇನೆ. ಆದರೆ ಬರೀ ಅವನಿಗೆ ಬೇಜಾರಾಗದಿರಲೆಂದು ನಾನು ಅವನ ಯಾವ ಮಾತನ್ನೂ ಮತ್ತೆಂದೂ ಒಪ್ಪಿಕೊಂಡಿಲ್ಲ.