ನನ್ನ ಮನೆಯಲ್ಲೇ ನನಗೆ "ಯಾರು ಬೇಕಾಗಿತ್ರಿ?"

ಗೆಳೆಯರೇ, ಇವತ್ತು ನಡೆದದ್ದು ಕೇಳಿ. ಮಧ್ಯಾಹ್ನ ಶಾಲೆಯಲ್ಲಿ ಪಾಠ ಮುಗಿಸಿ ಆಳಂದದ ನಮ್ಮ ಬಾಡಿಗೆ ಮನೆಗೆ ಬಂದರೆ ಬಾಗಿಲು ತೆರೆದಿದೆ, ಹೊರಗೆ ಏಳೆಂಟು ಜೋಡಿ ಚಪ್ಪಲಿ. ನನ್ನ ಮಂಚದ ಮೇಲೆ ಕುಳಿತಿದ್ದ ಅಪರಿಚಿತ ಹೆಂಗಸೊಬ್ಬರು ಕೇಳಿದರು: "ಯಾರು ಬೇಕಾಗಿತ್ರಿ?"

ನನ್ನ ಮನೆಯಲ್ಲಿ, ನನ್ನನ್ನು!

ಅಡುಗೆಮನೆಯಿಂದ ಅತ್ತೆ ಬಂದರು. ತಮ್ಮೂರು ಕಿಣ್ಣಿ ಸುಲ್ತಾನದಿಂದ ಬೆಳಗಿನ ಬಸ್ಸಿಗೇ ಬಂದು, ಮಗ ಕೊಟ್ಟಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದಿದ್ದಾರೆ. ನಾದಿನಿಯನ್ನು ನೋಡಲು ಅಫಜಲಪುರದಿಂದ ಗಂಡಿನ ಕಡೆಯವರು ಬಂದಿದ್ದಾರೆ. ನಾದಿನಿ ಉಟ್ಟಿರುವುದು ನನ್ನ ಇಳಕಲ್ ಸೀರೆ!

"ಅತ್ತಿ, ಬರೂದಕ್ಕಿಂತ ಮೊದ್ಲ ಒಂದು ಪೋಸ್ಟ್ ಕಾರ್ಡ್ ಹಾಕ್ರಿ ಅಂತ ಹೋದ ತಿಂಗಳೇ ಹೇಳಿದ್ನಲ್ರಿ?" ಎಂದು ಪಿಸುಗುಟ್ಟಿದೆ.

"ಹಾಕೀನಲ್ಲ ಬೇ, ಇವರಿಗೆ! ನಿನ್ನ ಮನಿ ಪತ್ತಾನೇ ಬರ್ದು ಹಾಕೀನಿ. ಮನಿಯವ್ರಿಗೆ ಯಾರರೆ ಕಾರ್ಡ್ ಹಾಕ್ತಾರೇನು? ಹೋಗು, ಚಾ ಇಡು."

ಇಟ್ಟೆ. ಹೊರಡುವಾಗ ಆ ಹೆಂಗಸು ನನ್ನ ಕೈ ಹಿಡಿದು, "ಮನಿ ಭಾಳ ಛಲೋ ಅದರಿ. ಮುಂದಿನ ಸೋಮಾರ ಮಾತುಕತಿಗೂ ಇಲ್ಲೇ ಬರ್ತೀವಿ," ಎಂದರು.

ನನ್ನ ಮದುವೆಯಾದಾಗಿನಿಂದ ಈ ಮನೆಗೆ ಬರುತ್ತೇವೆಂದು ಮುಂಚಿತವಾಗಿ ಹೇಳಿದವರು ಅವರೊಬ್ಬರೇ.