ಬಾಗಿನದಲ್ಲಿ ಹೋದ ಹುಳ

ಅಶ್ವತ್ಥ ಬ್ಯಾಂಕ್ ಅಧಿಕಾರಿ. ಹುಟ್ಟೂರು ತುಮಕೂರಿನ ಕಡೆ, ವರ್ಗವಾಗಿ ಬಂದು ಕೂತದ್ದು ವಿಶಾಖಪಟ್ಟಣದಲ್ಲಿ. ಪರವಾಡದ ಔಷಧ ಕಾರ್ಖಾನೆಗಳಿಗೆ ಹೋಗಿ, ಶಿಫ್ಟ್ ಮುಗಿಸಿ ಬಸ್ಸಿಗೆ ಕಾಯುವವರನ್ನು ನಿಲ್ಲಿಸಿಕೊಂಡು, ‘ಕಂಡಕಂಡ ಪೆನ್‌ಡ್ರೈವ್ ಹಾಕಬೇಡಿ, ಬಂದ ಲಿಂಕನ್ನೆಲ್ಲ ಒತ್ತಬೇಡಿ’ ಎಂದು ಅರೆಬರೆ ತೆಲುಗಿನಲ್ಲಿ ಭಾಷಣ ಬಿಗಿಯುವುದೂ ಅವನ ಕೆಲಸದಲ್ಲೊಂದು. ಇತ್ತ ಮನೆಯ ಕಂಪ್ಯೂಟರಿನಲ್ಲಿ ಆಂಟಿವೈರಸ್ ವಾಯಿದೆ ಮುಗಿದು ಯಾವ ಕಾಲವಾಗಿತ್ತೋ. ಪರದೆಯ ಮೂಲೆಯಲ್ಲಿ ಎಚ್ಚರಿಕೆ ಮೂಡಿದಾಗಲೆಲ್ಲ ಮಹಾಶಯ ನೊಣ ಓಡಿಸಿದಂತೆ ಓಡಿಸುತ್ತಿದ್ದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತ ಹಿರಿಯರು ಇಂಥವರನ್ನು ನೋಡಿಯೇ ಹೇಳಿರಬೇಕು.

ತಂಗಿ ಮೃಣಾಲಿನಿ ವಿಜಯವಾಡದ ಸತ್ಯನಾರಾಯಣಪುರಂನಲ್ಲಿದ್ದಳು. ಗಂಡ ಕಾಮೇಶ್ವರ ಕಾಲೇಜಿನ ಲೆಕ್ಚರರ್, ತೆಲುಗಿನವನು, ಹೆಂಡತಿಯಿಂದ ಕನ್ನಡ ಕಲಿತವನು. ಪ್ರತಿವರ್ಷ ಗೌರಿ ಹಬ್ಬಕ್ಕೆ ಅಶ್ವತ್ಥ ತಂಗಿಗೆ ತವರಿನ ಬಾಗಿನ ಕಳಿಸುತ್ತಿದ್ದ. ಈ ಸಲ ಅವನಿಗೊಂದು ಉತ್ಸಾಹ ಬಂತು. ತೀರಿಕೊಂಡ ಅಮ್ಮ ಹಿಂದೆಂದೋ ಹಾಡಿದ ಗೌರಿ ಹಾಡುಗಳು ಕಂಪ್ಯೂಟರಿನಲ್ಲಿದ್ದವು. ಅವನ್ನು ಒಂದು ಪೆನ್‌ಡ್ರೈವಿಗೆ ತುಂಬಿ, ಬಳೆ-ಬಿಚ್ಚೋಲೆಯ ಜೊತೆ ಮೊರದೊಳಗಿಟ್ಟು, ಮೇಲೆ ರವಿಕೆ ಕಣ ಮುಚ್ಚಿ ಕಳಿಸಿದ. ತವರಿನಿಂದ ಬಂದದ್ದನ್ನು ಯಾವ ಹೆಣ್ಣುಮಗಳು ಅನುಮಾನಿಸುತ್ತಾಳೆ? ಮೃಣಾಲಿನಿ ಅದನ್ನು ಕಣ್ಣಿಗೊತ್ತಿಕೊಂಡು ಕಂಪ್ಯೂಟರಿಗೆ ಹಾಕಿದಳು, ಅಮ್ಮನ ದನಿ ಕೇಳಿ ಫೋನಿನಲ್ಲಿ ಗಳಗಳ ಅತ್ತಳು. ಅಣ್ಣನ ಎದೆ ಉಬ್ಬಿತು.

ಹಬ್ಬ ಕಳೆದ ಭಾನುವಾರ ಅಶ್ವತ್ಥನ ಕಂಪ್ಯೂಟರು ಕೈಕೊಟ್ಟಿತು. ಫೋಲ್ಡರುಗಳ ಹೆಸರೆಲ್ಲ ಕಾಣುತ್ತಿದೆ, ಒತ್ತಿದರೆ ಒಂದೂ ತೆರೆಯುವುದಿಲ್ಲ. ಇಂಟರ್ನೆಟ್ ತಂತಿ ಕಿತ್ತು ಕೂತ. ಹೆಂಡತಿ ಧನ್ಯಾ ಫೋನಿನಲ್ಲಿ ಹುಡುಕಿ ಒಂದೊಂದೇ ಹಂತ ಓದಿ ಹೇಳಿದಳು, ಇವನು ಮಾಡುತ್ತ ಹೋದ. ಕಂಪ್ಯೂಟರ್ ಹಾಕಿದೊಡನೆ ತಾನಾಗಿ ಏಳುತ್ತಿದ್ದ ಯಾವುದೋ ಪ್ರೋಗ್ರಾಂ ಸಿಕ್ಕಿತು. ಅದನ್ನು ನಿಲ್ಲಿಸಿ, ಅಳಿಸಿ, ಹೊಸ ಆಂಟಿವೈರಸ್ ಹಾಕಿ ಇಡೀ ಡಿಸ್ಕನ್ನು ಜಾಲಾಡಿಸಿದ. ಕೊನೆಗೆ ಅಡಗಿದ್ದನ್ನು ಹೊರತರುವ ಕಮಾಂಡ್ ಟೈಪ್ ಮಾಡಿದ್ದೇ ತಡ, ಫೋಲ್ಡರುಗಳು ಒಂದೊಂದಾಗಿ ಮರಳಿದವು. ಆ ವೈರಸ್ ಹುಳ ಏನನ್ನೂ ತಿಂದಿರಲಿಲ್ಲ. ಎಲ್ಲವನ್ನೂ ಮರೆಮಾಡಿ, ಅವುಗಳ ಹೆಸರಿನಲ್ಲಿ ತಾನು ಕೂತಿತ್ತು, ಅಷ್ಟೆ.

“ರೀ, ಹಬ್ಬಕ್ಕೆ ಮುಂಚೆ ಪ್ರಿಂಟಿಗೆ ಅಂತ ಜೆರಾಕ್ಸ್ ಅಂಗಡಿ ಕಂಪ್ಯೂಟರಿಗೆ ಹಾಕಿಸ್ಕೊಂಡು ಬಂದ್ರಲ್ಲ, ಆ ಪೆನ್‌ಡ್ರೈವೇ ಅಲ್ವಾ ಮೃಣಾಲಿನಿಗೆ ಕಳಿಸಿದ್ದು?” ಎಂದಳು ಧನ್ಯಾ.

ಅಶ್ವತ್ಥ ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ.

“ಈಗಲೇ ಫೋನ್ ಮಾಡಿ. ಏನೂ ಅಳಿಸ್ಬೇಡಿ, ಎಲ್ಲ ಒಳಗೇ ಇರುತ್ತೆ ಅಂದ್ರೆ ಸಾಕು. ಗಂಗಾಭವಾನಿಯಮ್ಮನ ದನಿ ಇರೋದು ಅವರ ಕಂಪ್ಯೂಟರೊಂದರಲ್ಲೇ.”

ಗಂಗಾಭವಾನಿ ಕಾಮೇಶ್ವರನ ತಾಯಿ. ಹಾಸಿಗೆ ಹಿಡಿದ ಮೇಲೆ, ತನ್ನನ್ನು ‘ನಾನಮ್ಮ’ ಎಂದು ಕರೆಯುತ್ತಿದ್ದ ಮೊಮ್ಮಗಳು ಉಷಶ್ರೀಗೆ ಹೇಳಿದ ಕಥೆ, ಹಾಡಿದ ಮಂಗಳಹಾರತಿ ಎಲ್ಲವನ್ನೂ ಮಗ ರೆಕಾರ್ಡ್ ಮಾಡಿ ಹಿಡಿದಿಟ್ಟಿದ್ದ. ಆಕೆ ಹೋಗಿ ವರ್ಷ ತುಂಬಿರಲಿಲ್ಲ.

ಒಂದು ಫೋನು. ಆದರೆ ಅದನ್ನು ಮಾಡಲು ಅವನಿಗೆ ನಾಚಿಕೆ. ಹಿಂದೊಮ್ಮೆ ಕಾಮೇಶ್ವರ ಯಾರಿಗೋ ಓಟಿಪಿ ಹೇಳಿ ಪೇಚಿಗೆ ಸಿಕ್ಕಾಗ, ‘ಲೆಕ್ಚರರ್ ಆಗಿ ಇಷ್ಟೂ ಗೊತ್ತಾಗಲ್ವೇನ್ರೀ’ ಎಂದು ನಾಲ್ಕು ಜನರ ಮುಂದೆ ನಕ್ಕವನು ಇವನೇ. ಪಾಪ ಆ ಮನುಷ್ಯ ಅಂದಿನಿಂದ ಎಲ್ಲಕ್ಕೂ ‘ಬಾವಗಾರನ್ನ ಕೇಳೋಣ’ ಎನ್ನುತ್ತಿದ್ದ. ಅಂಥವನಿಗೆ ‘ನಿಮ್ಮ ಮನೆಗೆ ಹುಳ ಕಳಿಸಿದ್ದು ನಾನೇ’ ಅನ್ನುವುದು ಹೇಗೆ? ಸೋಮವಾರ ಮಾಡೋಣ ಅಂದುಕೊಂಡ, ಆಮೇಲೆ ಮಂಗಳವಾರ. ಧನ್ಯಾ ಕೇಳಿದರೆ “ಮಾಡಿದೆ, ಎತ್ತಲಿಲ್ಲ” ಎಂದು ಸುಳ್ಳು ಹೇಳಿದ. ಎರಡನೇ ಶನಿವಾರ ರಜಾ ಇದೆ, ತಾನೇ ಹೋಗಿ, ಸ್ವಲ್ಪ ನೋಡಿಕೊಡ್ತೀನಿ ಅಂತ ಗುಟ್ಟಾಗಿ ಸರಿಮಾಡಿ ಬಂದರೆ ಮಾನ ಉಳಿಯಿತು. ಬುದ್ಧಿವಂತನ ಲೆಕ್ಕಾಚಾರ ಇದು!

ಶನಿವಾರ ವಿಜಯವಾಡದ ಮನೆ ಮೆಟ್ಟಿಲು ಹತ್ತಿದಾಗ ಒಳಗೆ ಮಾತುಕತೆಯೇ ಇರಲಿಲ್ಲ. ಉಷಶ್ರೀಯ ಕೋಣೆಯ ಬಾಗಿಲು ಹಾಕಿತ್ತು.

“ಬನ್ನಿ ಬಾವಗಾರು,” ಎಂದ ಕಾಮೇಶ್ವರ. ದನಿ ಕುಗ್ಗಿತ್ತು. “ಕಂಪ್ಯೂಟರಿಗೆ ವೈರಸ್ ಬಂದು ಎಲ್ಲಾ ಹೋಯ್ತಂಡಿ. ಗುರುವಾರ ಹೊಸ ಡಿಸ್ಕ್ ಹಾಕಿಸ್ದೆ. ಹಳೇದನ್ನ ಸುತ್ತಿಗೇಲಿ ಒಡೆದ್ಬಿಟ್ಟೆ. ಹಾಗೇ ಬಿಸಾಕಬಾರದು, ಯಾರಾದ್ರೂ ಕದೀತಾರೆ ಅಂತ ನೀವೇ ಹೇಳಿದ್ರಲ್ಲಾ? ನಿಮಗೊಂದು ಫೋನ್ ಮಾಡೋಣ ಅಂದ್ಕೊಂಡೆ, ಬ್ಯಾಂಕ್ ಕೆಲಸದ ಮಧ್ಯೆ ಯಾಕೆ ತೊಂದರೆ ಅಂತ ಸುಮ್ನಾದೆ.”

ಕಾಮೇಶ್ವರ ಮಗಳ ಕೋಣೆಯತ್ತ ಕೈ ತೋರಿಸಿದ.

“ಎಲ್ಲಾ ಇವಳಿಂದ. ಫ್ರೆಂಡ್‌ದು ಯಾವುದೋ ಪೆನ್‌ಡ್ರೈವ್ ತಂದು ಹಾಕಿದ್ಳು. ನಾನಮ್ಮನ ದನೀನ ನೀನೇ ಕಳೆದೆ ಅಂತ ಬೈದ್ಬಿಟ್ಟೆ. ನಿನ್ನೆಯಿಂದ ಅನ್ನ ಮುಟ್ಟಿಲ್ಲ.”

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಾನ ಉಳಿಸಿಕೊಳ್ಳಲೆಂದೇ ರೈಲು ಹತ್ತಿದ್ದ ಮನುಷ್ಯನಿಗೆ ದಾರಿ ತಾನಾಗಿ ತೆರೆದಿತ್ತು. ಅವನು ಮುಚ್ಚಿದ ಬಾಗಿಲನ್ನು ನೋಡಿದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಅವಳಲ್ಲ ಕಾಮೇಶ್ವರ ಅವರೇ. ನಾನು ಬಾಗಿನದಲ್ಲಿ ಕಳಿಸಿದ್ದರಲ್ಲೇ ಇತ್ತು ಅದು.”

ಕಾಮೇಶ್ವರ ಅವನನ್ನೇ ಸಮಾಧಾನ ಮಾಡಹೊರಟ. “ನಿಮಗೇನು ಗೊತ್ತಿತ್ತಾ ಬಾವಗಾರು. ತಿಳೀದೆ ಆಗಿದ್ದು.”

“ಅಣ್ಣಾ, ಯಾವತ್ತು ಗೊತ್ತಾಯ್ತು ನಿಂಗೆ?” ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮೃಣಾಲಿನಿ ಕೇಳಿದಳು.

“ಭಾನುವಾರ.”

“ಫೈಲೆಲ್ಲ ಒಳಗೇ ಇದ್ವು,” ಎಂದ ಅಶ್ವತ್ಥ. “ಹೇಳೋಕೆ ನಾಚಿಕೆಯಾಯ್ತು ನಂಗೆ.” ಮೃಣಾಲಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಾಮೇಶ್ವರ ಬೈಯಲಿಲ್ಲ. ಎದ್ದು ಹೋಗಿ ಮಗಳ ಬಾಗಿಲು ತಟ್ಟಿ, ತಪ್ಪು ತನ್ನದೇ, ಸುಮ್ಮಸುಮ್ಮನೆ ಬೈದೆ, ಹೊರಗೆ ಬಾ ತಾಯಿ ಎಂದು ತೆಲುಗಿನಲ್ಲಿ ಬೇಡಿಕೊಂಡ. ಬಾಗಿಲು ತೆರೆಯಿತು. ಅತ್ತು ಊದಿದ ಮುಖದ ಹುಡುಗಿ ಅಪ್ಪನನ್ನು ದಾಟಿ ನೇರ ಅಶ್ವತ್ಥನ ಬಳಿ ಬಂದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಆಸೆಯಿತ್ತು.

“ಮಾಮಯ್ಯಾ, ನಿಮಗೆ ಇದೆಲ್ಲ ಚೆನ್ನಾಗಿ ಬರುತ್ತಲ್ಲಾ. ನಾನಮ್ಮನ ದನಿ ವಾಪಸ್ ತರ್ತೀರಾ?”

ಆಗಲ್ಲಮ್ಮ ಎಂಬ ಒಂದು ಮಾತನ್ನು, ಅಶ್ವತ್ಥ ಅವಳ ಮುಖ ನೋಡಿಕೊಂಡೇ ಹೇಳಬೇಕಾಯಿತು.